ಒಂದು ಕತ್ತಿ, ಒಂದು ಮುಖ

ಬಿಟಿಎಂ ಲೇಔಟ್ ಅನ್ನುವುದು ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳ ಇಂಗ್ಲಿಷ್ ಮೊದಲಕ್ಷರ ಸೇರಿ ಆದ ಹೆಸರು. ಅಲ್ಲಿ ನಾವಿರುವ ಬಾಡಿಗೆ ಮನೆಯೂ ಹಾಗೇ. ಹಿರಿಯೂರು ಕಡೆಯವನೊಬ್ಬ, ಅರಸೀಕೆರೆ ಕಡೆಯವನೊಬ್ಬ, ಸುಳ್ಯದವನೊಬ್ಬ. ಗ್ರಾಮೀಣ ಪತ್ರಿಕೋದ್ಯಮ ಓದಿ ಹಳ್ಳಿ ಸುದ್ದಿ ಬರೆಯುತ್ತೇವೆಂದು ಹೊರಟವರು ಈಗ ಟ್ರಾಫಿಕ್ಕು, ಮೆಟ್ರೊ, ಕಸದ ಸುದ್ದಿ ಬರೆದು ಬಾಡಿಗೆ ಕಟ್ಟುತ್ತಿದ್ದೇವೆ. ಈ ಬರಹ ಮೂವರೂ ಸೇರಿ ಬರೆದದ್ದು. ಒಬ್ಬ ಬರೆದ ಸಾಲನ್ನು ಇನ್ನೊಬ್ಬ ಹೊಡೆದುಹಾಕಿ, ಮೂರನೆಯವನು ಮತ್ತೆ ಸೇರಿಸಿದ್ದೂ ಇದೆ.

ಶುರುವಾಗಿದ್ದು ಕುತ್ತಿಗೆಯಿಂದ. ನಮ್ಮಲ್ಲೊಬ್ಬ ಬೆಳಗ್ಗೆ ಏಳಕ್ಕೆಲ್ಲ ಕ್ಯಾಮೆರಾ ಮುಂದೆ ನಿಲ್ಲಬೇಕು, ಗಡ್ಡ ಕಾಣಬಾರದು. ಉಳಿದಿಬ್ಬರಿಗೆ ಆ ನಿರ್ಬಂಧವಿಲ್ಲ, ಆದರೆ ಕುತ್ತಿಗೆ ಮೂವರದೂ ಒಂದೇ ಥರ: ಕೆಂಪು ಗುಳ್ಳೆ, ತುರಿಕೆ, ಅಂಗಿ ಕಾಲರಿಗೆ ರಕ್ತದ ಚುಕ್ಕೆ. ಐದು ಬ್ಲೇಡಿನ ರೇಜರು ತಂದಿದ್ದೆವು. ಅದರ ತಲೆ ದುಬಾರಿ ಅಂತ ಒಂದನ್ನೇ ತಿಂಗಳುಗಟ್ಟಲೆ ಉಜ್ಜಿದೆವು. ಕೊನೆಗೆ ಚರ್ಮದ ಡಾಕ್ಟರ ಬಳಿ ಹೋದಾಗ ಅವರು ಹೇಳಿದ್ದು ಇಷ್ಟು. ಹಲವು ಬ್ಲೇಡುಗಳಲ್ಲಿ ಮುಂದಿನದು ಕೂದಲನ್ನು ಎಳೆಯುತ್ತದೆ, ಹಿಂದಿನದು ಚರ್ಮಕ್ಕಿಂತ ಕೆಳಗೆ ಕತ್ತರಿಸುತ್ತದೆ, ಆ ಕೂದಲು ಮತ್ತೆ ಬೆಳೆಯುವಾಗ ಒಳಗೇ ಸುರುಳಿಯಾಗುತ್ತದೆ. ಸ್ವಲ್ಪ ದಿನ ಬಿಟ್ಟು, ಆಮೇಲೆ ಒಂದೇ ಬ್ಲೇಡಿನಲ್ಲಿ, ಕೂದಲು ಬೆಳೆದ ದಿಕ್ಕಿನಲ್ಲೇ ಹೆರೆಯಿರಿ.

2024ರ ಯುಗಾದಿಗೆ ಊರಿಗೆ ಹೋಗಿದ್ದ ಹಿರಿಯೂರಿನವನು ವಾಪಸ್ ಬರುವಾಗ ಹೋಳಿಗೆ ಡಬ್ಬಿಯ ಜೊತೆ ಹಳೇ ಪಂಚೆಯ ತುಂಡಿನಲ್ಲಿ ಸುತ್ತಿದ ಒಂದು ವಸ್ತು ತಂದ. ಬಿಚ್ಚಿದರೆ ಮಡಚುವ ಕ್ಷೌರದ ಕತ್ತಿ. ಹಿಡಿಯ ಹತ್ತಿರ ಅರ್ಧ ಅಳಿಸಿದ ಅಕ್ಷರಗಳಲ್ಲಿ ಸೋಲಿಂಗೆನ್ ಎಂದಿತ್ತು, ಜರ್ಮನಿಯ ಕತ್ತಿಗಳ ಊರು.

‘ಅಜ್ಜಂದು’ ಅಂದ. ಅಜ್ಜನಿಗೇಕೆ ಇಂಥ ಕತ್ತಿ ಅಂತ ಕೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು ‘ಅಜ್ಜ ಹತ್ತು ಹಳ್ಳಿಗೆ ಕ್ಷೌರ ಮಾಡ್ತಿದ್ದ’ ಅಂದ. ನಾಲ್ಕು ವರ್ಷ ಒಟ್ಟಿಗೆ ಇದ್ದೇವೆ. ಅಪ್ಪನಿಗೆ ಅಂಗಡಿ ಇದೆ ಎಂದಷ್ಟೇ ಅವನು ಹೇಳಿದ್ದ. ಎಂಥ ಅಂಗಡಿ ಅಂತ ನಾವು ಕೇಳಿರಲಿಲ್ಲ. ಯಾರು, ಎಲ್ಲಿ, ಏಕೆ, ಹೇಗೆ ಅಂತ ಊರಿಗೆಲ್ಲ ಪ್ರಶ್ನೆ ಕೇಳಿ ಸಂಬಳ ತೆಗೆದುಕೊಳ್ಳುವವರು ನಾವು!

ಇಲ್ಲೊಂದು ಮಾತು ಹೇಳಲೇಬೇಕು. ಹಾಸ್ಟೆಲಿನಲ್ಲಿ ಕ್ರಿಕೆಟ್ ಸೋತರೂ, ಸಾರಿಗೆ ಉಪ್ಪು ಹೆಚ್ಚಾದರೂ ನಮ್ಮ ಬಾಯಿಗೆ ಸಲೀಸಾಗಿ ಬರುತ್ತಿದ್ದ ಒಂದು ಬೈಗುಳ ಆ ಕಸುಬಿನವರನ್ನು ಕರೆಯುವ ಪದವೇ. ನಮ್ಮಲ್ಲಿಬ್ಬರು ಅದನ್ನು ಅನ್ನುತ್ತಿದ್ದೆವು, ಒಬ್ಬ ಕೇಳಿಸಿಕೊಳ್ಳುತ್ತಿದ್ದ. ‘ನಾವು’ ಅಂತ ಬರೆಯುವಾಗ ಈ ಒಂದು ಕಡೆ ಕೈ ತಡೆಯುತ್ತದೆ.

ಕತ್ತಿ ಬಂದ ವಾರವೇ ಒಂದು ಕಡೆ ಒರಟು, ಇನ್ನೊಂದು ಕಡೆ ನಯವಿರುವ ಜಪಾನಿ ಮಾದರಿಯ ಮಸೆಗಲ್ಲು ತರಿಸಿದೆವು. ಒರಟು ಕಡೆ 1000, ನಯ ಕಡೆ 6000 ಅಂತ ನಂಬರು. ನಂಬರು ಹೆಚ್ಚಾದಷ್ಟು ಕಲ್ಲಿನ ಕಣ ಸಣ್ಣದು. ವಿಡಿಯೊ ನೋಡಿಕೊಂಡು ಮಚ್ಚು ಮಸೆದಂತೆ ಮಸೆದೆವು. ಕಣ್ಣಿಗೆ ಫಳಫಳ ಹೊಳೆಯಿತು. ಮುಖಕ್ಕಿಟ್ಟರೆ ಕೂದಲು ಕತ್ತರಿಸುವ ಬದಲು ಕೀಳುತ್ತಿತ್ತು. ಎರಡನೇ ಎಳೆತಕ್ಕೆ ದವಡೆಯಲ್ಲಿ ರಕ್ತ. ಹೊಳಪಿಗೂ ಹರಿತಕ್ಕೂ ಸಂಬಂಧವಿಲ್ಲ ಅಂತ ಅವತ್ತೇ ಗೊತ್ತಾಯಿತು.

ಬನಶಂಕರಿ ಎರಡನೇ ಹಂತದಲ್ಲಿ, ಎರಡು ಕುರ್ಚಿಯ ಹಳೇ ಸಲೂನೊಂದಿದೆ. ಅದರ ಯಜಮಾನರಿಗೆ ಎಪ್ಪತ್ತು ದಾಟಿದೆ, ಮಾಗಡಿ ಕಡೆಯವರು. ಕತ್ತಿ ಹಿಡಿದುಕೊಂಡು ಹೋದೆವು. ನೋಡಿದವರು ಕೈಗೆ ತೆಗೆದುಕೊಳ್ಳಲೇ ಇಲ್ಲ.

‘ಯಾರದಪ್ಪಾ ಇದು?’

‘ನಮ್ಮಜ್ಜಂದು ಯಜಮಾನ್ರೇ.’

‘ಯಾವೂರು? ನಮ್ಮೋರಾ?’

‘ಹೂಂ.’

‘ಏನು ಓದಿದ್ದೀಯ?’ ಹೇಳಿದ. ಅವರು ಗಿರಾಕಿಯ ತಲೆ ಕಡೆ ತಿರುಗಿ ಕತ್ತರಿ ಆಡಿಸುತ್ತಾ ‘ನಿಮ್ಮಪ್ಪ ಓದಿಸಿದ್ದು ನೀನು ಇದನ್ನ ಹಿಡೀಬಾರದು ಅಂತ. ತಗೊಂಡೋಗು’ ಅಂದರು.

ನಾವು ಎದ್ದು ಬಂದೆವು. ಆಮೇಲೆ ಹಿರಿಯೂರಿನವನು ಒಬ್ಬನೇ ಎರಡು ಸಲ ಹೋದ. ಏನು ಮಾತಾಡಿದ ಅಂತ ಹೇಳಿಲ್ಲ, ನಾವೂ ಕೇಳಲಿಲ್ಲ. ಮೂರನೇ ಸಲ ಬಂದು ‘ಮಂಗಳವಾರ ಬರೋಕೆ ಹೇಳಿದ್ದಾರೆ, ಮೂವರೂ’ ಅಂದ. ಮಂಗಳವಾರ ಸಲೂನುಗಳಿಗೆ ರಜೆ.

ಅವತ್ತು ಅರ್ಧ ಶಟರ್ ಎಳೆದು ಒಳಗೆ ಕೂತೆವು. ಅವರು ಮೊದಲು ನೋಡಿದ್ದು ಕತ್ತಿಯನ್ನಲ್ಲ, ಕಲ್ಲನ್ನು. ಉಕ್ಕಿನ ಸ್ಕೇಲನ್ನು ಅದರ ಮೇಲೆ ಅಡ್ಡ ನಿಲ್ಲಿಸಿ ಬೆಳಕಿಗೆ ಹಿಡಿದರು. ಸ್ಕೇಲಿನ ಕೆಳಗೆ ನಡುವೆ ಬೆಳಕು ಕಂಡಿತು. ನಾವು ಮಚ್ಚಿನಂತೆ ಮಸೆದು ಕಲ್ಲಿನ ಹೊಟ್ಟೆ ತಗ್ಗಾಗಿತ್ತು. ‘ಕಲ್ಲು ಸೊಟ್ಟ ಇದ್ರೆ ಕತ್ತಿ ಹೆಂಗ್ ನೆಟ್ಟಗಾಗುತ್ತೆ?’ ಕಲ್ಲಿನ ಮೇಲೆ ಪೆನ್ಸಿಲಿನಲ್ಲಿ ಚೌಕಳಿ ಗೆರೆ ಎಳೆಯಿರಿ, ದಪ್ಪ ಗಾಜಿನ ತುಂಡಿನ ಮೇಲೆ ವಾಟರ್ ಪೇಪರ್ ಇಟ್ಟು ನೀರು ಹಾಕಿ ಕಲ್ಲನ್ನು ಉಜ್ಜಿ, ಎಲ್ಲ ಗೆರೆ ಅಳಿಸಿದರೆ ಕಲ್ಲು ಸಮ ಅಂದರು. ಆ ದಿನದ ಪಾಠ ಅಷ್ಟೇ. ಕತ್ತಿ ಮುಟ್ಟಲೇ ಇಲ್ಲ.

ಮುಂದಿನ ಮಂಗಳವಾರ ಕತ್ತಿಯ ಸರದಿ. ಅಡುಗೆಮನೆಯ ಚಾಕುವನ್ನು ಮಸೆಯುವಾಗ ಕೋನವನ್ನು ಕೈಯೇ ಹಿಡಿದಿಡಬೇಕು. ಕ್ಷೌರದ ಕತ್ತಿಗೆ ಆ ಚಿಂತೆ ಇಲ್ಲ. ಅದರ ಬೆನ್ನು ದಪ್ಪ, ಅಲಗಿನ ನಡುಭಾಗ ಒಳಕ್ಕೆ ಬಾಗಿ ತೆಳ್ಳಗಿರುತ್ತದೆ. ಬೆನ್ನು, ಬಾಯಿ ಎರಡೂ ಒಟ್ಟಿಗೆ ಕಲ್ಲಿಗೆ ತಾಗುವಂತೆ ಚಪ್ಪಟೆಯಾಗಿ ಮಲಗಿಸಿದರೆ ಆಯಿತು, ಬೆನ್ನಿನ ದಪ್ಪವೇ ಕೋನದ ಅಳತೆ. ಬಾಯಿ ಸವೆದಂತೆ ಬೆನ್ನೂ ಸವೆಯುವುದರಿಂದ ವರ್ಷಗಳು ಕಳೆದರೂ ಕೋನ ಅಷ್ಟಾಗಿ ಬದಲಾಗುವುದಿಲ್ಲ. ನಾವು ಬೆನ್ನು ಎತ್ತಿ ಮಸೆದು ಆ ಅಳತೆಯನ್ನೇ ಕೆಡಿಸಿದ್ದೆವು.

ಕಲ್ಲಿನ ಮೇಲೆ ಬಾಯಿ ಮುಂದಾಗಿ ಹೋಗಬೇಕು. ಕತ್ತಿಯ ಅಲಗು ಕಲ್ಲಿನ ಅಗಲಕ್ಕಿಂತ ಉದ್ದ, ಹಾಗಾಗಿ ನೇರ ತಳ್ಳದೆ ಬುಡದಿಂದ ತುದಿಯವರೆಗೆ ಓರೆಯಾಗಿ ಜಾರಿಸಬೇಕು. ತುದಿ ಮುಟ್ಟಿದ ಮೇಲೆ ಬೆನ್ನಿನ ಮೇಲೇ ಹೊರಳಿಸಿ ವಾಪಸ್. ಬಾಯಿಯ ಮೇಲೆ ಹೊರಳಿಸಿದರೆ ಮಾಡಿದ್ದೆಲ್ಲ ಹೋಯಿತು. ಒರಟು ಕಲ್ಲಿನಲ್ಲಿ ಎರಡೂ ಮಗ್ಗುಲು ಒಂದು ಗೆರೆಯಲ್ಲಿ ಕೂಡುವವರೆಗೆ ನಿಧಾನ. ಆ ಕೆಲಸ ಮುಗಿಯದೆ ನಯ ಕಲ್ಲಿಗೆ ಹೋಗುವುದು ಪಾಯ ಹಾಕದೆ ಬಣ್ಣ ಬಳಿದ ಹಾಗೆ. ಅವಸರಕ್ಕೆ ನಾವು ಮಾಡಿದ್ದು ಅದೇ. 6000ದ ನಂತರ ಇನ್ನೂ ನಯವಾದ, ಬೂದುಬಣ್ಣದ ಅವರ ಸ್ವಂತ ಕಲ್ಲು, ಅದರ ಮೇಲೆ ನೀರಿನ ಬದಲು ಸೋಪಿನ ನೊರೆ.

ಇಡೀ ವಿದ್ಯೆಯಲ್ಲಿ ಅವರು ಮತ್ತೆ ಮತ್ತೆ ಹೇಳಿದ್ದು ಒಂದೇ. ‘ಒತ್ತಬೇಡ. ಕತ್ತಿ ಭಾರ ಸಾಕು.’ ಕೀಬೋರ್ಡಿನ ಮೇಲೂ ಗುದ್ದಿ ಬರೆಯುವ ಸುಳ್ಯದವನಿಗೆ ಇದು ಒಗ್ಗಲು ತಿಂಗಳು ಹಿಡಿಯಿತು.

ಕೊನೆಯದು ಚರ್ಮದ ಪಟ್ಟಿ. ಇಲ್ಲಿ ಎಲ್ಲ ತಿರುಗಾಮುರುಗಾ: ಬೆನ್ನು ಮುಂದೆ, ಬಾಯಿ ಹಿಂದೆ. ಮರೆತು ಬಾಯಿ ಮುಂದೆ ಬಿಟ್ಟರೆ ಪಟ್ಟಿ ಕುಯ್ದು ಹೋಗುತ್ತದೆ. ನಮ್ಮ ಮೊದಲ ಎರಡು ಪಟ್ಟಿಗಳು ಹೋದದ್ದು ಹಾಗೆಯೇ. ಮೂರನೆಯದು ಅರಸೀಕೆರೆಯವನ ಅಗಲದ ಹಳೇ ಬೆಲ್ಟು, ಅದು ಇನ್ನೂ ಇದೆ. ಪ್ರತಿ ಕ್ಷೌರಕ್ಕೂ ಮುಂಚೆ ದಪ್ಪ ಬಟ್ಟೆಯ ಮೇಲೆ ಇಪ್ಪತ್ತು, ಚರ್ಮದ ಮೇಲೆ ನಲವತ್ತು ಎಳೆತ. ಇದನ್ನು ತಪ್ಪಿಸದಿದ್ದರೆ ಕಲ್ಲಿನ ಮುಖ ತಿಂಗಳುಗಟ್ಟಲೆ ನೋಡಬೇಕಾಗಿಲ್ಲ. ಹೊಸದಾಗಿ ಕಲಿತವರು ದಿನಾ ಮಸೆಯುತ್ತಾರೆ. ಕತ್ತಿ ಬೇಗ ಸವೆಯುವುದು ಗಡ್ಡದಿಂದಲ್ಲ, ಅಂಥವರಿಂದ.

ಹಾಗಂತ ಗಡ್ಡವೇನೂ ಬಡಪಾಯಿಯಲ್ಲ. ಕೂದಲಿಗಿಂತ ಉಕ್ಕು ಸುಮಾರು ಐವತ್ತು ಪಟ್ಟು ಗಟ್ಟಿ, ಆದರೂ ಬ್ಲೇಡು ಮೊಂಡಾಗುತ್ತದೆ. ಏಕೆಂದು ಅಮೆರಿಕದ ಎಂಐಟಿಯ ಸಂಶೋಧಕರು 2020ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬರೆದರು. ಬಾಗಿದ ಕೂದಲು ಓರೆಯಾಗಿ ಬಂದು ತಾಗಿದಾಗ, ಉಕ್ಕಿನ ರಚನೆ ಒಂದೇ ಸಮನಾಗಿಲ್ಲದ ಜಾಗದಲ್ಲಿ ಬಾಯಿಯ ಅಂಚು ಸಣ್ಣ ಚಕ್ಕೆಯಾಗಿ ಹಾರುತ್ತದಂತೆ. ಅವರು ನೋಡಿದ್ದು ಬಿಸಾಡುವ ರೇಜರಿನ ಬ್ಲೇಡುಗಳನ್ನು. ಇದನ್ನು ಯಜಮಾನರಿಗೆ ಹೇಳಿದಾಗ ‘ಅದಕ್ಕೇ ಗಡ್ಡ ಚೆನ್ನಾಗಿ ನೆನೆಸು ಅನ್ನೋದು’ ಅಂದರು.

ನೆನೆಸುವುದೂ ನಮಗೆ ಸುಲಭವಿರಲಿಲ್ಲ. ಆ ಬೇಸಿಗೆಯಲ್ಲಿ ಬೆಂಗಳೂರಿಗೆ ನೀರಿರಲಿಲ್ಲ. ಕುಡಿಯುವ ನೀರಲ್ಲಿ ಕಾರು ತೊಳೆದರೆ 5000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿದ್ದನ್ನು ನಾವೇ ಸುದ್ದಿ ಮಾಡಿದ್ದೆವು. ನಮ್ಮ ಬೀದಿಗೆ ಬರುತ್ತಿದ್ದದ್ದು ಟ್ಯಾಂಕರಿನ ಬೋರ್‌ವೆಲ್ ನೀರು. ಆ ಗಡಸು ನೀರಿನಲ್ಲಿ ಎಷ್ಟು ತಿರುವಿದರೂ ಸೋಪು ನೊರೆಯಾಗುತ್ತಿರಲಿಲ್ಲ, ಮೊಸರಿನ ಹಾಗೆ ಒಡೆಯುತ್ತಿತ್ತು. ಆಗ ಒಂದು ಬಟ್ಟಲು ಕ್ಯಾನ್ ನೀರನ್ನು ಬಿಸಿ ಮಾಡಿ ಕ್ಷೌರಕ್ಕೆ ಎತ್ತಿಡುವುದು ಅಭ್ಯಾಸವಾಯಿತು. ಒಂದು ಬಟ್ಟಲು ಸಾಕು ಅನ್ನುವುದೂ ಆಗಲೇ ಗೊತ್ತಾಗಿದ್ದು. ನಲ್ಲಿ ಬಿಟ್ಟುಕೊಂಡು ರೇಜರ್ ತೊಳೆಯುತ್ತಿದ್ದವರು ನಾವು.

ಮುಖದ ಪಾಠ ಬೇರೆ. ಅಲಗನ್ನು ಚರ್ಮಕ್ಕೆ ಸುಮಾರು ಮೂವತ್ತು ಡಿಗ್ರಿಯಲ್ಲಿ ಇಡಬೇಕು, ಇನ್ನೊಂದು ಕೈಯಿಂದ ಚರ್ಮ ಬಿಗಿ ಹಿಡಿಯಬೇಕು, ಕೂದಲು ಯಾವ ಕಡೆ ಮಲಗಿದೆಯೋ ಆ ಕಡೆಗೇ ಎಳೆಯಬೇಕು. ಕುತ್ತಿಗೆಯಲ್ಲಿ ಆ ದಿಕ್ಕು ಒಬ್ಬೊಬ್ಬರದು ಒಂದೊಂದು ಥರ. ಹಿಂದಿನ ರಾತ್ರಿ ಬೆರಳಾಡಿಸಿ ನೋಡಿಕೊಳ್ಳಿ ಅಂದರು. ನೋಡಿದರೆ ಸುಳ್ಯದವನ ಕುತ್ತಿಗೆಯ ಎಡಭಾಗದಲ್ಲಿ ಕೂದಲು ಕೆಳಗಿನಿಂದ ಮೇಲಕ್ಕೆ! ಇಷ್ಟು ವರ್ಷ ಅವನು ಅಲ್ಲಿ ಎದುರು ದಿಕ್ಕಿಗೇ ಉಜ್ಜಿದ್ದ. ಒಂದೂವರೆ ತಿಂಗಳಲ್ಲಿ ಗುಳ್ಳೆ ಹೋದವು. ಕ್ಷೌರದ ನಂತರ ಪಟಿಕದ ಕಲ್ಲು ಸವರಿದರೆ ಉರಿಯಬಾರದು, ಉರಿದರೆ ಅಲ್ಲಿ ಒತ್ತಿದ್ದೀರಿ ಅಂತ ಅರ್ಥ. ಈಗ ಉರಿಯುವುದಿಲ್ಲ.

ಯಜಮಾನರ ಷರತ್ತು ಒಂದೇ ಇತ್ತು: ಒಂದು ಕತ್ತಿ, ಒಂದು ಮುಖ. ತೊಂಬತ್ತರ ದಶಕದಲ್ಲಿ ಏಡ್ಸ್ ಭಯ ಊರೂರಿಗೆ ಬಂದಾಗ ಅವರು ಕತ್ತಿಯನ್ನು ಪೆಟ್ಟಿಗೆಗೆ ಸೇರಿಸಿದರು. ಆಮೇಲೆ ಕಾಗದದ ಸಮೇತ ಬ್ಲೇಡನ್ನು ಎರಡಾಗಿ ಮುರಿದು ಹೋಲ್ಡರಿಗೆ ಸಿಕ್ಕಿಸುವುದು, ಗಿರಾಕಿ ಎದ್ದ ಮೇಲೆ ಬಿಸಾಡುವುದು. ಅದು ಸರಿಯಾದದ್ದೇ ಅಂತ ಅವರೇ ಹೇಳುತ್ತಾರೆ. ಅಜ್ಜನ ಕತ್ತಿ ಮೊಮ್ಮಗನಿಗಾಯಿತು. ಉಳಿದಿಬ್ಬರು ಚಿಕ್ಕಪೇಟೆ ಹತ್ತಿರದ ಸಂಡೇ ಬಜಾರಿನಲ್ಲಿ ಒಂದೊಂದು ಕೊಂಡೆವು. ಒಂದು ಚೆನ್ನಾಗಿದೆ. ಇನ್ನೊಂದರ ಬಾಯಿಯ ಅಂಚಿನಲ್ಲೇ ತುಕ್ಕು ಗುಳಿ ಬಿದ್ದಿತ್ತು. ಮಸೆದಷ್ಟೂ ಒಳಗೆ ಇನ್ನೊಂದು ಗುಳಿ. ಬೆನ್ನಿನ ಮೇಲಿನ ತುಕ್ಕು ಪರವಾಗಿಲ್ಲ, ಬಾಯಿಯ ತುಕ್ಕಿಗೆ ಮದ್ದಿಲ್ಲ. ಕೊಳ್ಳುವವರು ನೆನಪಿಟ್ಟುಕೊಳ್ಳಿ.

ಅರಸೀಕೆರೆಯವನ ಊರಿನಲ್ಲಿ ಕ್ಷೌರ ನಡೆಯುತ್ತಿದ್ದದ್ದು ಹಿತ್ತಲಿನ ಹೊಂಗೆ ಮರದ ಕೆಳಗೆ. ಚರ್ಮದ ಹಡಪ ಹಿಡಿದು ಬರುತ್ತಿದ್ದವರನ್ನು ಯಾರೂ ಜಗಲಿಗೆ ಕರೆಯುತ್ತಿರಲಿಲ್ಲ. ಕ್ಷೌರ ಆದವರು ತಲೆಗೆ ನೀರು ಹುಯ್ದುಕೊಳ್ಳದೆ ಒಳಗೆ ಬರುವಂತಿಲ್ಲ. ವರ್ಷಕ್ಕೊಮ್ಮೆ ಸುಗ್ಗಿಯಲ್ಲಿ ಕಣದಿಂದ ರಾಗಿ, ಅದು ಅವರ ಆಯ. ಮದುವೆಗೆ ಮಂಗಳವಾದ್ಯ ನುಡಿಸಲು ಅವರದೇ ಮನೆಯವರು ಬೇಕು. ಓಲಗ ಮಂಗಳ, ಕತ್ತಿ ಮಾತ್ರ ಮೈಲಿಗೆ! ಇದನ್ನೆಲ್ಲ ಒಂದು ರಾತ್ರಿ ಅವನು ಹೇಳಿದಾಗ ಹಿರಿಯೂರಿನವನು ಪಟ್ಟಿಯ ಮೇಲೆ ಕತ್ತಿ ಎಳೆಯುತ್ತಲೇ ಇದ್ದ. ‘ನಮ್ಮಜ್ಜನೂ ಹಂಗೇ ನಿಂತಿರ್ತಿದ್ದ’ ಅಂದ, ಅಷ್ಟೇ. ನಮ್ಮಲ್ಲಿಬ್ಬರಿಗೆ ಇದು ಹವ್ಯಾಸ. ಮೂರನೆಯವನಿಗೆ ಏನು ಅಂತ ಅವನೂ ಹೇಳಲಾರ.

ಊರಲ್ಲಿರುವ ಅಪ್ಪನಿಗೆ ಅವನು ಏನೂ ಹೇಳಿರಲಿಲ್ಲ. ಕತ್ತಿ ತಂದದ್ದು ಅಜ್ಜಿಯನ್ನು ಕೇಳಿ. 2025ರ ರಥಸಪ್ತಮಿಗೆ ಊರಿನಲ್ಲಿ ಸವಿತಾ ಮಹರ್ಷಿ ಜಯಂತಿ ಮುಗಿಸಿಕೊಂಡು, ಮರುದಿನ ಕಣ್ಣು ತೋರಿಸಲು ಅಪ್ಪ ಬೆಂಗಳೂರಿಗೆ ಬಂದರು. ಆಸ್ಪತ್ರೆ ಜಯನಗರದಲ್ಲಿ, ಉಳಿದುಕೊಂಡದ್ದು ನಮ್ಮ ಮನೆಯಲ್ಲಿ. ಬಚ್ಚಲಿಗೆ ಹೋದವರು ಬಾಗಿಲ ಪಕ್ಕ ಮೊಳೆಗೆ ನೇತುಹಾಕಿದ್ದ ಬೆಲ್ಟನ್ನು ನೋಡಿ ಅಲ್ಲೇ ನಿಂತರು.

‘ಯಾರದು?’

ಮೂವರೂ ಮಾತಾಡಲಿಲ್ಲ. ಕೊನೆಗೆ ಮಗನೇ ಒಳಗಿಂದ ಕತ್ತಿ ತಂದುಕೊಟ್ಟ. ಬೈಯುತ್ತಾರೆ ಅಂದುಕೊಂಡೆವು. ಅವರು ಕಿಟಕಿ ಹತ್ತಿರ ಹೋಗಿ, ನೆಟ್ಟಗೆ ಕಾಣದ ಕಣ್ಣು ಸಣ್ಣ ಮಾಡಿ ಅಲಗು ನೋಡಿದರು. ಕಾಣದ್ದಕ್ಕೆ ಹೆಬ್ಬೆರಳಿನ ಉಗುರಿಗೆ ನೀರು ಹಚ್ಚಿ, ಅದರ ಮೇಲೆ ಬಾಯಿಯನ್ನು ಬುಡದಿಂದ ತುದಿಗೆ ಮೆಲ್ಲಗೆ ಜಾರಿಸಿದರು.

‘ಬೆನ್ನು ತೇಯ್ದಿದ್ದೀರ.’

‘ಶುರುನಲ್ಲಿ ಒತ್ತಿಬಿಟ್ವಿ ಅಂಕಲ್.’

‘ಕಲ್ಲಿಗೆ ಎಷ್ಟು ಕೊಟ್ರಿ?’

ನಿಜ ಹೇಳಲು ಧೈರ್ಯ ಬರಲಿಲ್ಲ. ಅರ್ಧ ಬೆಲೆ ಹೇಳಿದೆವು. ಅವರು ಸ್ವಲ್ಪ ಹೊತ್ತು ಲೆಕ್ಕ ಹಾಕಿ ‘ಇಷ್ಟಕ್ಕೆ ನಾನು ಎಷ್ಟು ಗಡ್ಡ ಹೆರೀಬೇಕಿತ್ತು ಗೊತ್ತಾ’ ಅಂದರು. ಸಿಟ್ಟೇನೂ ಇರಲಿಲ್ಲ. ಆಮೇಲೆ ಬೆಲ್ಟಿನ ತುದಿ ಹಿಡಿದು ಬಿಗಿ ಎಳೆದು ನಿಂತರು. ಮೂವತ್ತು ವರ್ಷ ಕತ್ತಿ ಹಿಡಿಯದ ಕೈ. ಎಣಿಸಲಿಲ್ಲ, ಕತ್ತಿ ನೋಡಲೂ ಇಲ್ಲ, ಸದ್ದು ಕೇಳುತ್ತಾ ಎಳೆದರು. ನಮ್ಮ ಎಳೆತಕ್ಕೆ ಚರಚರ ಅನ್ನುವ ಬೆಲ್ಟು ಅವರ ಕೈಯಲ್ಲಿ ಉಸಿರಿನಷ್ಟೇ ಸದ್ದು ಮಾಡಿತು.

ಬೆಳಗ್ಗೆ ತಾರಸಿಯ ಮೇಲೆ ಬಕೆಟ್ ಬೋರಲು ಹಾಕಿ ಮಗನನ್ನು ಕೂರಿಸಿ ಅವರೇ ಹೆರೆದರು. ನಾವಿಬ್ಬರು ಬಿಸಿನೀರಿನ ಬಟ್ಟಲು ಹಿಡಿದು ನಿಂತಿದ್ದೆವು. ಕೆಳಗೆ ತರಕಾರಿ ಗಾಡಿಯವನು ಕೂಗುತ್ತಿದ್ದ. ಅವನ ಗಲ್ಲದ ಕೆಳಗೆ, ನಾವು ಹತ್ತು ತಿಂಗಳಿಂದ ಹೆದರಿ ಬಿಟ್ಟಿದ್ದ ಜಾಗಕ್ಕೆ ಎರಡೇ ಎಳೆತ.

ಹಿರಿಯೂರು ಬಸ್ ಹತ್ತುವಾಗ ಹೇಳಿದ್ದು ಒಂದೇ ಮಾತು. ಬೆಲ್ಟನ್ನು ಬಚ್ಚಲ ಬಾಗಿಲಲ್ಲಿ ಹಾಕಬೇಡಿ, ಹಬೆಗೆ ಚರ್ಮ ಕೆಡುತ್ತೆ, ಕತ್ತಿಗೂ ಒರೆಸಿದ ಮೇಲೆ ಒಂದು ತೊಟ್ಟು ಕೊಬ್ಬರಿ ಎಣ್ಣೆ ಸವರಿ. ಸಂಜೆ ಬಂದು ಮೊಳೆ ಕಿತ್ತು ಹಾಲಿನ ಗೋಡೆಗೆ ಹೊಡೆದೆವು. ಮನೆ ಓನರು ಇನ್ನೂ ನೋಡಿಲ್ಲ.