ಅರ್ಧ ನಿಮಿಷದ ಶೂರ

ಓಡುವುದಕ್ಕೆ ಒಂದು ಕಾರಣ ಬೇಕಾಗಿದ್ದ ಕಾಲದಲ್ಲಿ ಬೆಳೆದವನು ನಾನು. ನಾಯಿ ಅಟ್ಟಿಸಿಕೊಂಡು ಬರಬೇಕು, ಮಳೆ ಹಿಡಿಯಬೇಕು, ಇಲ್ಲವೇ ಬಸ್ಸು ಹೊರಟಿರಬೇಕು. ಈ ಮೂರೂ ಇಲ್ಲದೆ ಬೀದಿಯಲ್ಲಿ ಓಡುತ್ತಿರುವ ಗಂಡಸು ಕಣ್ಣಿಗೆ ಬಿದ್ದರೆ ಜನ ಜಗಲಿಯಿಂದಲೇ ‘ಏನ್ ಸ್ವಾಮಿ, ಯಾರಿಗೇನಾಯ್ತು?’ ಎಂದು ಕೂಗಿ ಕೇಳುತ್ತಿದ್ದರು. ಈಗ ನಮ್ಮ ಅಪಾರ್ಟ್‌ಮೆಂಟಿನ ಬೇಸ್‌ಮೆಂಟ್ ಜಿಮ್ಮಿನಲ್ಲಿ, ಎಲಿಪ್ಟಿಕಲ್ ಎಂಬ ಮೆಷಿನ್ ಹತ್ತಿ, ಫ್ಯಾನಿನ ಕೆಳಗೆ ಓಡುತ್ತೇನೆ. ಯಾರೂ ಏನೂ ಕೇಳುವುದಿಲ್ಲ. ಎದುರಿನ ಕನ್ನಡಿಯಲ್ಲಿ ಇರುವವನೊಬ್ಬ ಮಾತ್ರ ಆಗಾಗ ಯಾರಿಗೇನಾಯ್ತು ಎಂಬ ಮುಖ ಮಾಡುತ್ತಾನೆ.

ಈ ಮೆಷಿನ್ ನೋಡದವರಿಗಾಗಿ ಎರಡು ಮಾತು. ಪಾದ ಇಡಲು ಎರಡು ಹಲಗೆ, ಹಿಡಿದುಕೊಳ್ಳಲು ಎರಡು ಉದ್ದನೆಯ ಹಿಡಿಕೆ. ಬಲಗಾಲು ಮುಂದೆ ಹೋದರೆ ಎಡಗೈಯೂ ಮುಂದೆ ಹೋಗುತ್ತದೆ. ಪಾದ ಹಲಗೆ ಬಿಟ್ಟು ಮೇಲೇಳುವುದಿಲ್ಲ, ಹಾಗಾಗಿ ನೆಲಕ್ಕೆ ಅಪ್ಪಳಿಸುವ ಪ್ರಶ್ನೆಯೇ ಇಲ್ಲ. ಮೂಳೆ ಡಾಕ್ಟರು ನನ್ನ ಮಂಡಿಯ ಎಕ್ಸ್‌ರೇ ಹಿಡಿದು ‘ಟ್ರೆಡ್‌ಮಿಲ್ ಬೇಡ, ಇದನ್ನು ಮಾಡಿ’ ಎಂದದ್ದು ಅದಕ್ಕೇ. ಒಳಗೊಂದು ಭಾರದ ಚಕ್ರ, ಪಕ್ಕದಲ್ಲಿ ಅಯಸ್ಕಾಂತ. ಗುಂಡಿ ಒತ್ತಿದರೆ ಅಯಸ್ಕಾಂತ ಚಕ್ರದ ಹತ್ತಿರಕ್ಕೆ ಸರಿಯುತ್ತದೆ, ತುಳಿತ ಬಿಗಿಯಾಗುತ್ತದೆ. ಪಾದ ಸಾಗುವ ದಾರಿ ಹೆಚ್ಚುಕಡಿಮೆ ದೀರ್ಘವೃತ್ತ. ಹೈಸ್ಕೂಲಿನಲ್ಲಿ ಎರಡು ಗುಂಡುಪಿನ್ನು ಚುಚ್ಚಿ, ದಾರ ಸುತ್ತಿ, ಪೆನ್ಸಿಲಿನಿಂದ ಎಳೆದ ಅದೇ ಆಕೃತಿ. ‘ಇದು ಮುಂದೆ ಯಾತಕ್ಕೆ ಬರುತ್ತೆ ಸಾರ್?’ ಎಂದು ಕೇಳಿದ್ದಕ್ಕೆ ಮೇಷ್ಟ್ರು ಬೆಂಚಿನ ಮೇಲೆ ನಿಲ್ಲಿಸಿದ್ದರು. ಉತ್ತರ ಈಗ ಸಿಕ್ಕಿದೆ. ಅದಕ್ಕೂ ನಿಂತೇ ಇರಬೇಕಾಗಿದೆ.

ಈ ಮೆಷಿನ್ ಹುಟ್ಟಿದ್ದರ ಹಿಂದೆ ಅಪ್ಪ-ಮಗಳ ಕತೆಯೊಂದಿದೆ ಎನ್ನುತ್ತಾರೆ. ಅಮೆರಿಕದ ಜನರಲ್ ಮೋಟರ್ಸ್‌ನಲ್ಲಿ ಎಂಜಿನಿಯರ್ ಆಗಿದ್ದ ಲ್ಯಾರಿ ಮಿಲ್ಲರ್, ಮಗಳು ರಸ್ತೆಯಲ್ಲಿ ಓಡುವಾಗ ಪಕ್ಕದಲ್ಲೇ ಕಾರಿನಲ್ಲಿ ಸಾಗುತ್ತಾ ವಿಡಿಯೊ ತೆಗೆದನಂತೆ. ಅವಳ ಪಾದ ಸಾಗುವ ದಾರಿಯನ್ನು ಮನೆಯಲ್ಲಿ ಕೂತು ಗಮನಿಸಿ, ಅದೇ ದಾರಿಯಲ್ಲಿ ಸಾಗುವ, ಆದರೆ ಪೆಟ್ಟು ಬೀಳದ ಯಂತ್ರ ಮಾಡಿದನಂತೆ. ಪ್ರಿಕಾರ್ ಕಂಪನಿ 1995ರಲ್ಲಿ ಅದನ್ನು ಮಾರುಕಟ್ಟೆಗೆ ತಂದಿತು. ನಮ್ಮ ಮನೆಯಲ್ಲಿ ಆದದ್ದು ಉಲ್ಟಾ. ಮಗಳು ಸೈಕಲ್ ಮೇಲೆ, ಸೀಟು ಹಿಡಿದುಕೊಂಡು ಅಪ್ಪ ಹಿಂದೆ. ‘ಬಿಡಬೇಡಪ್ಪಾ, ಬಿಡಬೇಡ’ ಎನ್ನುತ್ತಿದ್ದವಳು ಮೂಲೆ ತಿರುಗುವಷ್ಟರಲ್ಲಿ ‘ಬಿಡಪ್ಪಾ’ ಎನ್ನತೊಡಗಿದ್ದಳು. ಈಗ ನ್ಯೂಜೆರ್ಸಿಯಲ್ಲಿದ್ದಾಳೆ. ‘ಅಪ್ಪಾ, ಇವತ್ತು ಎಲಿಪ್ಟಿಕಲ್ ಆಯ್ತಾ?’ ಎಂದು ವಾಟ್ಸಾಪಿನಲ್ಲಿ ಕೇಳುತ್ತಾಳೆ. ಅಷ್ಟು ದೂರದಿಂದ ಈಗ ಅವಳು ಸೀಟು ಹಿಡಿದಿದ್ದಾಳೆ.

ಒಂದೇ ಸಮನೆ ತುಳಿಯುತ್ತಾ, ಯೂಟ್ಯೂಬಿನಲ್ಲಿ ಹಳೆಯ ಹಾಡು ಕೇಳುತ್ತಾ ಸುಖವಾಗಿದ್ದೆ. ಅಷ್ಟರಲ್ಲಿ ಗದಗದ ಕಡೆಯ ಹುಡುಗನೊಬ್ಬ ಟ್ರೇನರ್ ಆಗಿ ಬಂದ. ‘ಹಿಂಗ ಒಂದ ಹದದಾಗ ತುಳಕೋತ ನಿಂತ್ರ ಏನೂ ಆಗಂಗಿಲ್ರೀ ಸರ್. ಇಂಟರ್ವಲ್ ಮಾಡ್ರಿ’ ಎಂದ. ಮೊದಲ ಐದು ನಿಮಿಷ ಸುಮ್ಮನೆ ತುಳಿಯುವುದು. ಆಮೇಲೆ ಅರ್ಧ ನಿಮಿಷ ಪ್ರಾಣ ಹೋಗುವಂತೆ, ಒಂದೂವರೆ ನಿಮಿಷ ಪ್ರಾಣ ಬರುವಂತೆ. ಹೀಗೆ ಎಂಟು ಸಲ. ಕೊನೆಗೆ ಮತ್ತೆ ಐದು ನಿಮಿಷ ನಿಧಾನ. ಒಟ್ಟು 26 ನಿಮಿಷ. ಕೇಳಲು ಸುಲಭ.

ಅರ್ಧ ನಿಮಿಷ ಎಷ್ಟು ದೊಡ್ಡದೆಂಬುದು ಮೆಷಿನ್ ಹತ್ತದವರಿಗೆ ತಿಳಿಯದು. ಮೊದಲ ಹತ್ತು ಸೆಕೆಂಡು ನಾನು ಕಾಲೇಜು ಹುಡುಗ. ಪಕ್ಕದ ಸೈಕಲ್ ಮೇಲಿರುವ ಐಟಿ ಯುವಕನ ಕಡೆ ಕನಿಕರದಿಂದ ನೋಡುತ್ತೇನೆ. ಎರಡನೆಯ ಹತ್ತರಲ್ಲಿ ಬ್ಯಾಂಕಿನ ನೌಕರ, ಸಂಬಳಕ್ಕಾಗಿ ತುಳಿಯುತ್ತೇನೆ. ಮೂರನೆಯ ಹತ್ತರಲ್ಲಿ ಮನೆದೇವರು, ತೀರಿಸದ ಹರಕೆ, ಹಿಂದಿರುಗಿಸದ ಪುಸ್ತಕಗಳು ಸಾಲಾಗಿ ನೆನಪಿಗೆ ಬರುತ್ತವೆ. ‘ಇನ್ನ ಹತ್ತ ಸೆಕೆಂಡ್ ಅದಾವ್ರೀ ಸರ್, ಬಿಡಬ್ಯಾಡ್ರಿ!’ ಎಂದು ಹುಡುಗ ಕೂಗುತ್ತಾನೆ. ಅವನ ಹತ್ತು ಸೆಕೆಂಡು ಸರ್ಕಾರಿ ಕಚೇರಿಯ ‘ನಾಳೆ ಬನ್ನಿ’ ಇದ್ದ ಹಾಗೆ.

ಆದರೆ ಆ ಒಂದೂವರೆ ನಿಮಿಷ! ಅದಕ್ಕಾಗಿ ಅರ್ಧ ನಿಮಿಷವನ್ನು ಕ್ಷಮಿಸಬಹುದು. ಕಾಲು ತಾನೇ ತಿರುಗುತ್ತಿರುತ್ತದೆ, ಉಸಿರು ಒಂದೊಂದೇ ಮೆಟ್ಟಿಲಿಳಿದು ಮನೆಗೆ ಬರುತ್ತದೆ. ಇದಕ್ಕೆ ಶಾಸ್ತ್ರದ ಬೆಂಬಲವೂ ಇದೆ. 1930ರ ದಶಕದಲ್ಲಿ ಜರ್ಮನಿಯಲ್ಲಿ ವೋಲ್ಡೆಮಾರ್ ಗೆರ್ಶ್ಲರ್ ಎಂಬ ಕೋಚ್ ಮತ್ತು ರೈಂಡೆಲ್ ಎಂಬ ಹೃದಯದ ಡಾಕ್ಟರು ಸೇರಿ ಇದನ್ನು ಪದ್ಧತಿಯಾಗಿ ಕಟ್ಟಿದರು. ನಾಡಿ 180ರವರೆಗೆ ಏರಲಿ, ಮತ್ತೆ 120ಕ್ಕೆ ಇಳಿಯುವವರೆಗೆ ಕಾಯಿರಿ, ಒಂದೂವರೆ ನಿಮಿಷದಲ್ಲಿ ಇಳಿಯದಿದ್ದರೆ ಓಟ ಅತಿಯಾಯಿತೆಂದು ತಿಳಿಯಿರಿ ಎಂಬುದು ಅವರ ಲೆಕ್ಕ. ಹೃದಯ ಬಲಿಯುವುದು ಓಡುವಾಗಲ್ಲ, ಸುಧಾರಿಸಿಕೊಳ್ಳುವಾಗ ಎಂದು ಅವರು ನಂಬಿದ್ದರು. ಆ ವಾದದ ಈ ಭಾಗ ನನಗೆ ಪೂರ್ತಿ ಒಪ್ಪಿಗೆ. 180 ಮಾತ್ರ ಒಪ್ಪಿಗೆಯಿಲ್ಲ. 220ರಲ್ಲಿ ವಯಸ್ಸು ಕಳೆಯುವ ಸ್ಥೂಲ ಲೆಕ್ಕದಲ್ಲಿ ಅರವತ್ತೆರಡರ ನನ್ನ ಗಡಿ 158. ಅದನ್ನು ದಾಟಿ 180 ಮುಟ್ಟಿದರೆ ಜಿಮ್ಮಿನಿಂದ ನೇರ ಜಯದೇವ ಆಸ್ಪತ್ರೆಗೆ.

ಜಪಾನಿನ ಇಝುಮಿ ಟಬಾಟಾ 1996ರಲ್ಲಿ ಪ್ರಕಟಿಸಿದ ವಿಧಾನ ಇನ್ನೂ ನಿರ್ದಯವಾದದ್ದು. 20 ಸೆಕೆಂಡು ದುಡಿತಕ್ಕೆ 10 ಸೆಕೆಂಡು ಮಾತ್ರ ವಿರಾಮ. ಹುಡುಗ ಅದನ್ನೂ ಸೂಚಿಸಿದ. ನಾನು ಕಿವಿ ಕೇಳದವನಂತೆ ಇದ್ದುಬಿಟ್ಟೆ. ವಯಸ್ಸಿಗೆ ಇಂಥ ಕೆಲವು ಸವಲತ್ತುಗಳಿವೆ.

ಓಟಗಾರರಲ್ಲಿ ನನಗೆ ಹತ್ತಿರದವನು ಎಮಿಲ್ ಝಾಟೊಪೆಕ್. 400 ಮೀಟರು ಜೋರಾಗಿ ಓಡಿ, ಸ್ವಲ್ಪ ದೂರ ನಿಧಾನವಾಗಿ ಓಡಿ, ಮತ್ತೆ 400 ಮೀಟರು. ಹೀಗೆ ಹತ್ತಾರು ಸಲ, ಕೆಲವೊಮ್ಮೆ ಸೈನ್ಯದ ಬೂಟಿನಲ್ಲೇ. 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ 5,000 ಮೀಟರು, 10,000 ಮೀಟರು ಗೆದ್ದು, ಜೀವಮಾನದಲ್ಲಿ ಓಡದಿದ್ದ ಮ್ಯಾರಥಾನನ್ನೂ ಓಡಿ ಗೆದ್ದ. ಓಡುವಾಗ ಅವನ ತಲೆ ಒಂದು ಕಡೆ ವಾಲಿ, ನಾಲಗೆ ಹೊರಬಂದು, ಮುಖ ಕಿವುಚಿಕೊಂಡು ಇರುತ್ತಿತ್ತು. ಆ ಮುಖ ನನಗೆ ಪೂರ್ತಿ ಸಿದ್ಧಿಸಿದೆ. ಕಾಲಿನ ಭಾಗ ಬಾಕಿ.

ಯೋಚಿಸಿದರೆ, ಇಂಟರ್ವಲ್ ತರಬೇತಿ ನಮ್ಮ ತಲೆಮಾರಿಗೆ ಹೊಸದೇನಲ್ಲ. ಎಂಬತ್ತರ ದಶಕದ ಬೆಂಗಳೂರಿನಲ್ಲಿ ಸಿಟಿ ಬಸ್ಸು ಹಿಡಿದವರೆಲ್ಲ ಅದನ್ನು ಟಿಕೆಟಿನ ಜೊತೆ ಪುಕ್ಕಟೆಯಾಗಿ ಪಡೆದರು. ಸ್ಟಾಪಿನಲ್ಲೇ ನಿಲ್ಲುವುದು ಬಸ್ಸಿನ ಘನತೆಗೆ ಕಡಿಮೆ. ಐವತ್ತು ಗಜ ಮುಂದೆ ಹೋಗಿ ನಿಧಾನವಾಗುತ್ತಿತ್ತು. ಟಿಫನ್ ಡಬ್ಬಿ ಅವುಚಿಕೊಂಡು ನಾವೆಲ್ಲ ಓಡುತ್ತಿದ್ದೆವು. ನ್ಯಾಷನಲ್ ಕಾಲೇಜಿನ ಹತ್ತಿರ ಒಂದು ಓಟ, ಮೆಜೆಸ್ಟಿಕ್‌ನಲ್ಲಿ ಇನ್ನೊಂದು, ನಡುವೆ ಕಂಬಿ ಹಿಡಿದು ವಿಶ್ರಾಂತಿ. ಕೊನೆಯ ಹತ್ತು ಸೆಕೆಂಡು ಅಲ್ಲೂ ಇರುತ್ತಿತ್ತು. ಕಂಡಕ್ಟರ್ ಸೀಟಿ ಊದಿಯಾಗಿದೆ, ಬಸ್ಸು ವೇಗ ಹಿಡಿಯುತ್ತಿದೆ, ಕೈಗೆ ಕಂಬಿ ಎಟುಕುತ್ತಿಲ್ಲ. ಆಗ ಫುಟ್‌ಬೋರ್ಡಿನಿಂದ ಒಂದು ಕೈ ಚಾಚಿಕೊಳ್ಳುತ್ತಿತ್ತು. ಯಾರ ಕೈಯೋ ಏನೋ. ಎಳೆದುಕೊಂಡು, ‘ಒಳಗ್ ಬನ್ನಿ ಸಾರ್’ ಎಂದು ತಾನು ಇನ್ನಷ್ಟು ಹೊರಗೆ ಜೋತುಬೀಳುತ್ತಿತ್ತು. ಮುಖ ನೋಡಿದ ನೆನಪಿಲ್ಲ. ಥ್ಯಾಂಕ್ಸ್ ಹೇಳುವ ರೂಢಿಯೂ ಇರಲಿಲ್ಲ. ಮುಂದಿನ ಸ್ಟಾಪಿನಲ್ಲಿ ಇನ್ನೊಬ್ಬ ಓಡಿ ಬಂದಾಗ ನಾವು ಕೈ ಚಾಚಿದರಾಯಿತು, ಲೆಕ್ಕ ಚುಕ್ತಾ.

ಎಲಿಪ್ಟಿಕಲ್‌ನಲ್ಲಿ ಓಟ ಮುಗಿದರೆ ಪರದೆಯ ಮೇಲೆ ಕಿಲೋಮೀಟರು ಮತ್ತು ಕ್ಯಾಲೊರಿ ಮೂಡುತ್ತವೆ. ಕ್ಯಾಲೊರಿಯ ವಿಷಯದಲ್ಲಿ ಈ ಮೆಷಿನುಗಳ ಕೈ ಧಾರಾಳ, ಅದನ್ನು ನಂಬಿ ಮಸಾಲೆದೋಸೆ ತಿನ್ನಬಾರದು. ತುಳಿಯುವುದನ್ನು ನಿಲ್ಲಿಸಿದ ಸ್ವಲ್ಪ ಹೊತ್ತಿಗೆ ಅಂಕಿಗಳೂ ಅಳಿಸಿಹೋಗುತ್ತವೆ. ಓಡಿದ್ದಕ್ಕೆ ಸಾಕ್ಷಿ ಒದ್ದೆ ಬನಿಯನ್ ಒಂದೇ.

ದೀರ್ಘವೃತ್ತದಲ್ಲಿ ಇಂಟರ್ವಲ್ ಮಾಡುವವನು ನಾನೊಬ್ಬನೇ ಅಲ್ಲ ಎಂಬುದೊಂದು ಸಮಾಧಾನ. ಗ್ರಹಗಳು ದೀರ್ಘವೃತ್ತದಲ್ಲಿ ಸುತ್ತುತ್ತವೆ, ಸೂರ್ಯನ ಹತ್ತಿರ ಬಂದಾಗ ಜೋರು, ದೂರ ಹೋದಾಗ ನಿಧಾನ ಎಂದು ಕೆಪ್ಲರ್ 1609ರಲ್ಲೇ ಬರೆದಿಟ್ಟ. ನಮ್ಮ ಭೂಮಿ ಸೂರ್ಯನಿಗೆ ತೀರ ಹತ್ತಿರವಾಗುವುದು ಜನವರಿ ಮೊದಲ ವಾರದಲ್ಲಿ. ಆಗ ಅದರ ವೇಗ ಸೆಕೆಂಡಿಗೆ ಸುಮಾರು 30.3 ಕಿಲೋಮೀಟರು. ಜುಲೈ ಮೊದಲ ವಾರದ ಹೊತ್ತಿಗೆ 29.3ಕ್ಕೆ ಇಳಿದಿರುತ್ತದೆ. ನಮ್ಮ ಜಿಮ್ಮಿನ ಹಾಜರಿಯೂ ಇದೇ ನಿಯಮ ಪಾಲಿಸುತ್ತದೆ, ಇಳಿತ ಮಾತ್ರ ಇನ್ನೂ ಕಡಿದು. ಜನವರಿಯಲ್ಲಿ ಎಲಿಪ್ಟಿಕಲ್‌ಗೆ ಬಸ್ ಸೀಟಿಗೆ ಹಾಕುವಂತೆ ಟವೆಲ್ ಹಾಕಿ ಜಾಗ ಹಿಡಿಯುತ್ತಾರೆ. ಜುಲೈ ಹೊತ್ತಿಗೆ ಅದರ ಹಿಡಿಕೆಯ ಮೇಲೆ ಯಾರದೋ ರೇನ್‌ಕೋಟು ಒಣಗುತ್ತಿರುತ್ತದೆ.

ಆದ್ದರಿಂದ ಸೇರಬೇಕೆಂದಿರುವವರಿಗೆ ನನ್ನದೊಂದು ಸಲಹೆ: ಜುಲೈಯಲ್ಲಿ ಬನ್ನಿ. ಮೆಷಿನ್ ಖಾಲಿ ಇರುತ್ತದೆ, ಹುಡುಗನಿಗೂ ಪುರುಸೊತ್ತಿರುತ್ತದೆ. ಅರವತ್ತು ದಾಟಿದ್ದರೆ ಡಾಕ್ಟರಿಗೆ ಒಮ್ಮೆ ತೋರಿಸಿಕೊಂಡು ಬನ್ನಿ. ಆ ರೇನ್‌ಕೋಟು ನಿಮ್ಮದೇ ಆಗಿದ್ದರೆ ದಯವಿಟ್ಟು ಬೇಗ ಬಂದು ಒಯ್ಯಿರಿ.