ತೂಫಾನು ಹೋದ ಮೇಲೆ ಬಂದ ನೀರು

2020ರ ಅಕ್ಟೋಬರ್ 12, ಸೋಮವಾರ. ಮಗ್ರಿಬ್ ನಮಾಜಿನ ಹೊತ್ತಿಗೆ ಹೈದರಾಬಾದಿನಿಂದ ನಮ್ಮ ತಂಗಿ ಮೊಬೈಲಿಗೆ ಒಂದು ನಕ್ಷೆ ಕಳಿಸಿದಳು. ಬಂಗಾಳ ಕೊಲ್ಲಿಯಲ್ಲಿ ಒಂದು ಚುಕ್ಕೆ. ಆ ಚುಕ್ಕೆಯಿಂದ ಹೊರಟ ಗೆರೆ ಆಂಧ್ರದ ದಡ ಹತ್ತಿ, ತೆಲಂಗಾಣವನ್ನು ದಾಟಿ, ಸೀದಾ ನಮ್ಮ ಕಲಬುರಗಿಯ ಕಡೆಗೆ ಮುಖ ಮಾಡಿತ್ತು. ಕೆಳಗೆ ತಂಗಿ ಉರ್ದುವಿನಲ್ಲಿ ಬರೆದಿದ್ದಳು: "ತೂಫಾನ್ ಆ ರಹಾ ಹೈ, ಫೂಫುಗೆ ಹೇಳಿಬಿಡಿ."

ಸಮುದ್ರದ ತೂಫಾನಿಗೂ ನಮಗೂ ಏನು ಸಂಬಂಧ ಎಂದು ಮಂಗಳೂರಿನ ಗೆಳೆಯರು ಕೇಳಬಹುದು. ನಮ್ಮೂರಿನಿಂದ ಯಾವ ಕಡಲೂ ಹತ್ತಿರವಿಲ್ಲ. ಬೇಸಿಗೆಯಲ್ಲಿ ಕೊಡ ಹಿಡಿದು ಟ್ಯಾಂಕರಿಗೆ ಕಾಯುವ ಜನ ನಾವು. ಆದರೆ ಮುಂಗಾರು ಹಿಂದೆ ಸರಿಯುವ ಹೊತ್ತಿಗೆ, ಅಂದರೆ ಸೆಪ್ಟೆಂಬರ್ ಕೊನೆಯಿಂದ ದೀಪಾವಳಿಯ ತನಕ, ಪೂರ್ವದ ಕಡಲಲ್ಲಿ ಎದ್ದ ಗಾಳಿ ಕೆಲವೊಮ್ಮೆ ದಡ ಮುಟ್ಟಿದ ಮೇಲೂ ಸಾಯುವುದಿಲ್ಲ. ಗಾಳಿಯ ಸೊಕ್ಕು ಇಳಿಯುತ್ತದೆ, ಹೊತ್ತ ನೀರು ಇಳಿದಿರುವುದಿಲ್ಲ. ಅದನ್ನು ಹೊತ್ತುಕೊಂಡು ಪಶ್ಚಿಮಕ್ಕೆ ನಡೆಯುತ್ತದೆ. ಆ ದಾರಿಯಲ್ಲಿ ನಾವಿದ್ದೇವೆ. 2009ರ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಮೊದಲ ದಿನಗಳಲ್ಲಿ ಉತ್ತರ ಕರ್ನಾಟಕದಲ್ಲಿ 200ಕ್ಕೂ ಹೆಚ್ಚು ಜನ ಸತ್ತರಲ್ಲ, ಆಗಲೂ ಮಳೆಯ ಬೇರು ಇದ್ದುದು ಬಂಗಾಳ ಕೊಲ್ಲಿಯಲ್ಲೇ.

2020ರ ತೂಫಾನಿಗೆ ಹೆಸರೂ ಇರಲಿಲ್ಲ. ಗಾಳಿಯ ವೇಗ ಗಂಟೆಗೆ 62 ಕಿಲೋಮೀಟರ್ ದಾಟಿದರೆ ಮಾತ್ರ ಹೆಸರಿಡುತ್ತಾರಂತೆ. ಇದು ಆ ಗಡಿಯ ಹತ್ತಿರ ಬಂದು ನಿಂತಿತ್ತು. ಹವಾಮಾನ ಇಲಾಖೆಯ ಭಾಷೆಯಲ್ಲಿ ಬರೀ ತೀವ್ರ ವಾಯುಭಾರ ಕುಸಿತ. ಹೆಸರಿಲ್ಲದ್ದಕ್ಕೆ ಟಿವಿಯವರೂ ಹೆಚ್ಚು ಕೂಗಲಿಲ್ಲ.

ನಾವು ಫೂಫುಗೆ ಫೋನು ಮಾಡಿದೆವು. ಅಬ್ಬಾ ಅವರ ತಂಗಿ. ಹುಟ್ಟಿದ್ದು ಆಳಂದದಲ್ಲಿ, ಲಾಡ್ಲೆ ಮಶಾಯಕರ ದರ್ಗಾದ ಹಿಂದಿನ ಓಣಿಯಲ್ಲಿ. ಕೊಟ್ಟಿದ್ದು ಅಫಜಲಪುರ ತಾಲೂಕಿನ ಹೊಳೆದಂಡೆಯ ಹಳ್ಳಿಗೆ. ನಾಲ್ಕು ಎಕರೆ ಕರಿ ಭೂಮಿ, ತೊಗರಿ, ಎರಡು ಮೇಕೆ, ಮಣ್ಣಿನ ಮಾಳಗಿಯ ಮನೆ. ಫೂಫಾ ತೀರಿಕೊಂಡ ಮೇಲೆ ಮಗನೊಂದಿಗೆ ಇದ್ದಾರೆ. ನಾವು ನಕ್ಷೆಯ ವಿಷಯ ಹೇಳಿದೆವು. ಫೂಫು ಕೇಳಿ, "ಚಿತ್ತಿ ಮಳಿ ಬೇಟಾ, ಕುರುಡು ಮಳಿ. ಅದಕ್ಕ ಕಣ್ಣಿಲ್ಲ. ನಿನ್ನ ಫೋನಿನಾಗ ಅದು ಎಲ್ಲಿ ಬೀಳ್ತದಂತ ಕಾಣಸ್ತದೇನು?" ಎಂದರು. ಕಾಣಿಸುತ್ತದೆ ಎಂದೆವು. ಆಗ ನಮ್ಮ ದನಿಯಲ್ಲಿ ಓದಿದವರ ಸಣ್ಣ ಜಂಬವೂ ಇದ್ದಿರಬೇಕು.

13ರ ಮಂಗಳವಾರ ಬೆಳಿಗ್ಗೆ ಅದು ಕಾಕಿನಾಡಾದ ಹತ್ತಿರ ದಡ ಹತ್ತಿತು. ನಾವು ದಿನವಿಡೀ ಮೊಬೈಲು ಹಿಡಿದು ಕೂತೆವು. ಆಳಂದದ ಅಣ್ಣನಿಗೆ, ಫೂಫುವಿನ ಮಗನಿಗೆ, ಜೇವರ್ಗಿ ತಾಲೂಕಿನಲ್ಲಿರುವ ನಮ್ಮ ಗೆಳೆಯ, ನಿವೃತ್ತ ಹೆಡ್ಮಾಸ್ತರರಿಗೆ ಗಂಟೆಗೊಮ್ಮೆ ಸುದ್ದಿ ಕೊಟ್ಟೆವು. ಇಲಾಖೆಯ ಇಂಗ್ಲಿಷನ್ನು ಮನೆಮಾತಿಗೆ ಇಳಿಸುವುದು ಕಥೆ ಬರೆಯುವುದಕ್ಕಿಂತ ಕಷ್ಟದ ಕೆಲಸ. "ಕೆಲವು ಕಡೆ ಅತಿ ಭಾರೀ ಮಳೆ" ಎಂದರೆ ಅಣ್ಣ "ಯಾವ ಕಡೀಗೆ?" ಎಂದು ಕೇಳುತ್ತಾನೆ. ಅವನ ಸೋಯಾ ಕೊಯ್ದು ಹೊಲದಲ್ಲೇ ಗುಡ್ಡೆ ಹಾಕಿತ್ತು. ಅದನ್ನು ಮುಚ್ಚಬೇಕೋ, ಮನೆಗೆ ಸಾಗಿಸಬೇಕೋ, ಟ್ರ್ಯಾಕ್ಟರಿಗೆ ಹೇಳಬೇಕೋ ಬೇಡವೋ, ಅವನಿಗೆ ಬೇಕಾದ ಮುನ್ಸೂಚನೆ ಅದು.

ಆ ರಾತ್ರಿ ಹೈದರಾಬಾದ್ ಮುಳುಗಿತು. ತಂಗಿಯ ಮನೆ ಹಳೇ ಶಹರದ ಬಾರ್ಕಸ್ ಕಡೆಗೆ. ಘಟಕೇಸರದಲ್ಲಿ ಒಂದೇ ದಿನಕ್ಕೆ 32 ಸೆಂಟಿಮೀಟರ್ ಮಳೆಯಾಗಿತ್ತು. ಕೆರೆಗಳು ಕೋಡಿ ಒಡೆದು, ಅಲ್ ಜುಬೈಲ್ ಕಾಲೊನಿಯಂಥ ಬಡಾವಣೆಗಳಿಗೆ ನೀರು ನುಗ್ಗಿತು. ರಾತ್ರಿ ಒಂದು ಗಂಟೆಗೆ ತಂಗಿ ಫೋನು ಮಾಡಿ, "ನಾವು ಮಾಳಿಗೆ ಮೇಲಿದ್ದೇವೆ, ಚಾರ್ಜು ಮುಗಿಯುತ್ತಿದೆ, ಗಾಬರಿಯಾಗಬೇಡಿ" ಎಂದು ಇಟ್ಟುಬಿಟ್ಟಳು. ಮತ್ತೆ ದನಿ ಕೇಳಿದ್ದು ಮರುದಿನ ಮಧ್ಯಾಹ್ನ.

ಆ ರಾತ್ರಿ ನಮಗೆ ಶಾಲೆಯ ಉರ್ದು ಮಾಸ್ತರರು ಹೇಳುತ್ತಿದ್ದ 1908ರ ಮೂಸಿ ನೆನಪಾಯಿತು. ಕಲಬುರಗಿ ಆಗ ನಿಜಾಮರ ರಾಜ್ಯದಲ್ಲೇ ಇತ್ತು. ಆ ಸೆಪ್ಟೆಂಬರ್ 28ರ ಪ್ರವಾಹದಲ್ಲಿ ರುಬಾಯಿಗಳ ಕವಿ ಅಮ್ಜದ್ ಹೈದರಾಬಾದಿ ತಾಯಿ, ಹೆಂಡತಿ, ಮಗಳು ಮೂವರನ್ನೂ ಕಳೆದುಕೊಂಡರು. ಅವರೊಬ್ಬರೇ ಉಳಿದರು. ಅಫಜಲಗಂಜ್ ಆಸ್ಪತ್ರೆಯ ಹಿಂದಿನ ಹುಣಸೆ ಮರ ಹತ್ತಿ ನೂರಾರು ಜನ ಬದುಕಿದರು. ಆ ಮರ ಈಗಲೂ ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿದೆ. ಆಮೇಲೆ ವಿಶ್ವೇಶ್ವರಯ್ಯನವರನ್ನು ಕರೆಸಿ ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಕಟ್ಟಿಸುವ ಯೋಜನೆಯಾಯಿತು. ಮಾಸ್ತರರು ಇದನ್ನು ಹೇಳುವಾಗ ಗಾಳಿಯ ಮಾತೇ ಬರುತ್ತಿರಲಿಲ್ಲ, ನೀರಿನ ಮಾತು ಮಾತ್ರ. ನಮಗೆ ಅದು ಅರ್ಥವಾಗಿರಲಿಲ್ಲ.

14ರ ಬುಧವಾರ ನಸುಕಿಗೆ ಮಳೆ ನಮ್ಮ ಮೇಲಿತ್ತು. ಅದು ಸಫರ್ ತಿಂಗಳ ಕೊನೆಯ ಬುಧವಾರ. ದಖ್ಖನಿನ ಹಳೆಯ ಹೆಂಗಸರು ಆಖರಿ ಚಹಾರ್ ಶಂಬಾ ಎಂದು ಹಸಿರು ತುಳಿಯಲು ಹೊರಗೆ ಹೋಗುವ ದಿನ. ಫೂಫು ಫೋನಿನಲ್ಲಿ ನಕ್ಕರು. "ಎಲ್ಲಿ ತುಳೀಲಿ ಬೇಟಾ, ಹುಲ್ಲು ಕಾಣವಲ್ದು, ಬರೇ ನೀರು." ಆದರೂ ಅವರು ತಯಾರಾಗಿದ್ದರು. ನಾವು ಹೇಳಿದ್ದಕ್ಕೆ ಜೋಳದ ಹನ್ನೊಂದು ಚೀಲ ಪಕ್ಕದ ಗೌಡರ ಆರ್‌ಸಿಸಿ ಮನೆಯ ಮೇಲೆ ಹಾಕಿಸಿದ್ದರು. ಫೂಫಾರ ಕಾಗದಪತ್ರದ ತಗಡಿನ ಟ್ರಂಕೂ ಅಲ್ಲೇ. ಮೇಕೆಗಳನ್ನು ಮಸೀದಿಯ ವರಾಂಡದಲ್ಲಿ ಕಟ್ಟಿದ್ದರು. ಮಣ್ಣಿನ ಮಾಳಗಿ ಒಂದು ಮೂಲೆಯಲ್ಲಿ ಸೋರಿತು, ಬೀಳಲಿಲ್ಲ.

ಸಂಜೆಯ ಹೊತ್ತಿಗೆ ಅದು ಬಲ ಕಳೆದುಕೊಂಡು ಮಹಾರಾಷ್ಟ್ರದ ದಕ್ಷಿಣಕ್ಕೆ ಸರಿದಿತ್ತು. ಗುರುವಾರ ಬಿಸಿಲು ಬಿತ್ತು. ಎಂಥ ಬಿಸಿಲು! ಒದ್ದೆ ನೆಲದಿಂದ ಹಬೆ ಏಳುತ್ತಿತ್ತು. ನಕ್ಷೆಯಲ್ಲಿ ಗೆರೆ ಮುಗಿದಿತ್ತು. ಮಧ್ಯಾಹ್ನ ಫೂಫು ಕೇಳಿದರು, "ಚೀಲ ಇಳಿಸಿಕೊಳ್ಳಲೇನು? ಗೌಡರ ಮನ್ಯಾಗ ಎಷ್ಟು ದಿನಂತ ಇಡೋದು, ಅವರದೂ ಸಾಮಾನು ಅದ."

ನಾವು ಹೇಳಿದೆವು: "ಇಳಿಸಿಕೊಳ್ಳಿ ಫೂಫು. ತೂಫಾನು ಸೊಲ್ಲಾಪುರದ ಕಡೆ ಹೋಗಿಬಿಟ್ಟಿತು. ಇನ್ನು ಭಯವಿಲ್ಲ."

ಸ್ವಲ್ಪ ಹೊತ್ತು ಸುಮ್ಮನಿದ್ದು ಅವರು, "ಹೊಳಿ ಸಪ್ಪಳ ಬ್ಯಾರೆ ಆಗ್ಯಾದಲ್ಲ" ಎಂದರು. ನಾವು ಅದು ನಿನ್ನೆಯ ಮಳೆಯ ನೀರು ಎಂದೆವು.

ನಮ್ಮ ತಪ್ಪು ಏನೆಂದು ಇಲ್ಲಿ ಬಿಡಿಸಿ ಹೇಳಬೇಕು, ಯಾಕೆಂದರೆ ನಮ್ಮಂತೆ ನಕ್ಷೆ ನೋಡಿ ಮನೆಯವರಿಗೆ ಬುದ್ಧಿ ಹೇಳುವವರು ಈಗ ಪ್ರತಿ ಮನೆಯಲ್ಲೂ ಇದ್ದಾರೆ. ಸೊಲ್ಲಾಪುರದ ಕಡೆ ಹೋಯಿತು ಎಂಬುದೇ ಭಯದ ಸುದ್ದಿಯಾಗಿತ್ತು. ಭೀಮೆ ಹುಟ್ಟುವುದು ಭೀಮಾಶಂಕರದಲ್ಲಿ. ಪುಣೆ, ಸೊಲ್ಲಾಪುರ ಜಿಲ್ಲೆಗಳ ನೀರನ್ನೆಲ್ಲ ಬಳಿದುಕೊಂಡು ಬರುತ್ತದೆ. ತೂಫಾನು ನಮ್ಮ ತಲೆಯ ಮೇಲಿಂದ ಹಾದು ಹೋಗಿ, ಉಳಿದ ನೀರನ್ನು ಅಲ್ಲಿ ಸುರಿಯಿತು. ಮುಂಗಾರಿನ ಕೊನೆಗೆ ಉಜ್ಜನಿ ಆಣೆಕಟ್ಟು ಮೊದಲೇ ತುಂಬಿತ್ತು. 117 ಟಿಎಂಸಿಯ ಕಟ್ಟೆ ತುಂಬಿದ ಮೇಲೆ ಬಂದ ನೀರನ್ನು ಬಿಡಲೇಬೇಕು. ಅದರ ಕೆಳಗೆ ನೀರಾ ಹೊಳೆಯಿಂದ ವೀರ್ ಆಣೆಕಟ್ಟಿನ ನೀರು ಸೇರುತ್ತದೆ, ಪಂಢರಪುರ ದಾಟಿದ ಮೇಲೆ ಸೀನಾ ಸೇರುತ್ತದೆ. ಆಮೇಲೆ ನಮ್ಮ ಗಡಿ, ಅಫಜಲಪುರ ತಾಲೂಕಿನ ಸೊನ್ನ ಬ್ಯಾರೇಜು. ಗಾಣಗಾಪುರದಲ್ಲಿ ಆಳಂದದಿಂದ ಇಳಿದು ಬಂದ ಅಮರ್ಜಾ ಕೂಡ ಕೂಡಿಕೊಳ್ಳುತ್ತದೆ. ನೀರಿಗೆ ಅವಸರವಿಲ್ಲ. ಗಾಳಿ ಒಂದು ರಾತ್ರಿಯಲ್ಲಿ ಹೋದ ದಾರಿಯನ್ನು ಅದು ದಿನಗಟ್ಟಲೆ ನಡೆದು ವಾಪಸ್ಸು ಬರುತ್ತದೆ, ಅದೂ ಬಿಸಿಲಲ್ಲಿ.

ಕ್ಯುಸೆಕ್ ಎಂಬ ಮಾತು ಪತ್ರಿಕೆಯಲ್ಲಿ ದಿನಾ ಓದುತ್ತೇವೆ. ಸೆಕೆಂಡಿಗೆ ಒಂದು ಘನ ಅಡಿ, ಅಂದರೆ ಸುಮಾರು 28 ಲೀಟರು, ಎರಡು ಕೊಡ ನೀರು. ಲಕ್ಷ ಕ್ಯುಸೆಕ್ ಎಂದರೆ ನಾವು ಒಮ್ಮೆ ಕಣ್ಣು ಮಿಟುಕಿಸುವಷ್ಟರಲ್ಲಿ ಎರಡು ಲಕ್ಷ ಕೊಡ. ಆ ವಾರ ಸೊನ್ನದಿಂದ ಕೆಳಗೆ ಹರಿದದ್ದು ಒಂದು ಲಕ್ಷವಲ್ಲ, ಹಲವು ಲಕ್ಷ.

ಶುಕ್ರವಾರ ರಾತ್ರಿ ನೀರು ಓಣಿಗೆ ಬಂತು. ಮಸೀದಿಯ ಮೈಕಿನಲ್ಲಿ ಕೂಗಿದರು, ಹನುಮಂತ ದೇವರ ಗುಡಿಯ ಮೈಕಿನಲ್ಲೂ ಕೂಗಿದರು. ಫೂಫು, ಮಗ, ಸೊಸೆ, ಮೊಮ್ಮಕ್ಕಳು ಉಟ್ಟ ಬಟ್ಟೆಯಲ್ಲಿ ಎತ್ತರದ ಶಾಲೆಗೆ ಹೋದರು. ಜೀವ ಉಳಿಯಿತು, ಅಲ್‌ಹಮ್ದುಲಿಲ್ಲಾಹ್. ಹಿಂದಿನ ದಿನವಷ್ಟೇ ಇಳಿಸಿಕೊಂಡಿದ್ದ ಹನ್ನೊಂದು ಚೀಲ ಜೋಳ ನೀರಲ್ಲಿ ನಿಂತು ಉಬ್ಬಿತು. ಮಸೀದಿಯಿಂದ ಹಟ್ಟಿಗೆ ತಂದು ಕಟ್ಟಿದ್ದ ಮೇಕೆಗಳ ಹಗ್ಗ ಬಿಚ್ಚಲು ಕತ್ತಲಲ್ಲಿ ಆಗಲಿಲ್ಲ. ಟ್ರಂಕಿನೊಳಗೆ ಫೂಫುವಿನ ನಿಕಾಹ್‌ನಾಮೆ, ಫೂಫಾ ಉರ್ದುವಿನಲ್ಲಿ ಬರೆದಿಟ್ಟ ಹೊಲದ ಲೆಕ್ಕದ ವಹಿಗಳಿದ್ದವು. ಮಸಿಯೆಲ್ಲ ಕರಗಿ ನೀಲಿ ಮುದ್ದೆಯಾಗಿತ್ತು. ಇದಿಷ್ಟೂ ನಮ್ಮ ಒಂದು ಫೋನಿನ ಮಾತಿಗೆ.

ಜೇವರ್ಗಿಯ ಹೆಡ್ಮಾಸ್ತರರು ನಮ್ಮ ಮಾತಿಗೆ ಕಾದಿರಲಿಲ್ಲ. ಅವರ ಊರಿನ ಅಂಬಿಗರು ಗುರುವಾರ ಸಂಜೆಯೇ ಹೊಳೆಯ ಅಂಚಿಗೆ ಒಂದು ಕೋಲು ನೆಟ್ಟಿದ್ದರಂತೆ. ಒಂದು ತಾಸಿಗೆ ಕೋಲು ಮುಳುಗಿತು. ಇನ್ನೊಂದು ನೆಟ್ಟರು. ಅದು ಅದಕ್ಕಿಂತ ಬೇಗ ಮುಳುಗಿತು. ಅಷ್ಟು ಸಾಕಾಯಿತು ಅವರಿಗೆ. ಮಾಸ್ತರರ ಚಿಂತೆ ಬೇರೆಯಿತ್ತು. ಜೇವರ್ಗಿಯಿಂದ ಕಲಬುರಗಿಯ ಆಸ್ಪತ್ರೆಗೆ ಹೋಗಬೇಕಾದರೆ ಕಟ್ಟಿಸಂಗಾವಿಯ ಸೇತುವೆ ದಾಟಬೇಕು. ಅವರ ಸೊಸೆಗೆ ದಿನ ತುಂಬಿತ್ತು. ಗುರುವಾರ ರಾತ್ರಿಯೇ ಆಕೆಯನ್ನು ಈಚೆ ದಡಕ್ಕೆ ತಂದು ನಮ್ಮ ಮನೆಯಲ್ಲಿ ಬಿಟ್ಟುಹೋದರು. "ನಿಮ್ಮ ನಕ್ಷಾ ಛಲೋ ಅದ ಸಾಹೇಬ್ರ, ಆದರ ಅದು ಮ್ಯಾಲಿಂದು ಹೇಳ್ತದ, ಕೆಳಗಿಂದು ಹೇಳಂಗಿಲ್ಲ" ಎಂದರು. ಅವರು ಟೀಕೆಗೆ ಹೇಳಿದ್ದಲ್ಲ. ನಮಗೆ ಮಾತ್ರ ಶುಕ್ರವಾರದ ಬಳಿಕ ಅದು ಚುಚ್ಚಿಯೇ ಇದೆ. ಅವರು ಆ ಮಾತು ಹೇಳಿದಾಗಲೇ ಫೂಫುಗೆ ಮತ್ತೆ ಫೋನು ಮಾಡಬಹುದಿತ್ತಲ್ಲ!

ಆಳಂದದ ಲೆಕ್ಕವೇ ಬೇರೆ. ಅದು ಮೇಲಿನ ನೆಲ, ಹೊಳೆಯ ಭಯವಿಲ್ಲ. ಅಣ್ಣನ ಸೋಯಾ ಗುಡ್ಡೆ ಕೊಳೆತು ಮೊಳಕೆ ಬಂತು. ಓಣಿಯಲ್ಲಿ ಮಣ್ಣಿನ ಗೋಡೆಗಳು ಬಿದ್ದವು, ಮಳೆಯ ದಿನವಲ್ಲ, ಬಿಸಿಲು ಬಿದ್ದ ಮೇಲೆ. ಕುಡಿದ ಗೋಡೆ ಒಣಗುವಾಗಲೇ ಬಿರಿಯುವುದು. ಆದರೆ ಬಾವಿ ತುಂಬಿತು, ಹಿಂಗಾರಿ ಜೋಳಕ್ಕೆ ಹಸಿ ಸಿಕ್ಕಿತು. "ನನಗ ಅರ್ಧ ಕೊಟ್ಟು ಅರ್ಧ ಕಸಗೊಂಡ್ತು" ಎಂದ. ಫೂಫುವಿನ ತೊಗರಿ ಹೂ ಬಿಡುವ ಹೊತ್ತು ಅದು. ತೊಗರಿಗೆ ಬೇರಿನ ಬುಡದಲ್ಲಿ ನೀರು ನಿಂತರೆ ಎರಡು ಮೂರು ದಿನ ತಡೆಯುವುದು ಕಷ್ಟ. ನೀರು ಇಳಿದ ಮೇಲೆ ಗಿಡ ನಿಂತೇ ಇತ್ತು, ಹಸಿರಾಗಿಯೇ ಇತ್ತು. ವಾರ ಕಳೆದು ಒಣಗಿತು. ಅಷ್ಟರಲ್ಲಿ ಮುಖ್ಯಮಂತ್ರಿ ಯಡಿಯೂರಪ್ಪನವರ ವೈಮಾನಿಕ ಸಮೀಕ್ಷೆಯೂ ಆಗಿತ್ತು, ಅಕ್ಟೋಬರ್ 21ಕ್ಕೆ. ಮೇಲಿಂದ ನೋಡಿದರೆ ಒಣಗಲಿರುವ ತೊಗರಿಯೂ ಹಸಿರೇ.

ಸಾಲೆಯ ಕಾಳಜಿ ಕೇಂದ್ರಕ್ಕೆ ನಾವು ಹೋಗಲು ಆದದ್ದು ನೀರು ಇಳಿಯತೊಡಗಿದ ಮೇಲೆ. ಕೊರೋನಾದ ವರ್ಷ. ಒಂದು ಕೋಣೆಯಲ್ಲಿ ನಲವತ್ತು ಜನ, ಮುಖಕ್ಕೆ ಕಟ್ಟಿದ ಬಟ್ಟೆ ಗದ್ದಕ್ಕೆ ಇಳಿದಿತ್ತು. ಫೂಫು ಕರಿಹಲಗೆಯ ಕೆಳಗೆ ಗೌಡರ ತಾಯಿಯ ಪಕ್ಕ ಕೂತಿದ್ದರು. ಆ ತಾಯಿ ನವರಾತ್ರಿಯ ಉಪವಾಸದಲ್ಲಿದ್ದರು, ಫೂಫು ಅವರಿಗೆ ಬಾಳೆಹಣ್ಣು ಸುಲಿದು ಕೊಡುತ್ತಿದ್ದರು. ನಾವು ಮಾಫಿ ಕೇಳಬೇಕೆಂದು ದಾರಿಯುದ್ದಕ್ಕೂ ಮಾತು ಕಟ್ಟಿಕೊಂಡು ಹೋಗಿದ್ದೆವು. ಫೂಫು ಬಾಯಿ ತೆರೆಯಲು ಬಿಡಲಿಲ್ಲ. "ಊಟ ಆಯ್ತೇನು? ರಸ್ತಾ ಹ್ಯಾಂಗಿತ್ತು?" ಎಂದರು. ಬೈದಿದ್ದರೆ ಹಗುರಾಗುತ್ತಿತ್ತು.

ಮರಳಿ ಬರುವಾಗ ತೂಫಾನ್ ಎಂಬ ಶಬ್ದವೇ ತಲೆಯಲ್ಲಿ ತಿರುಗುತ್ತಿತ್ತು. ಕನ್ನಡದಲ್ಲೂ ನಮ್ಮ ದಖನಿಯಲ್ಲೂ ತೂಫಾನು ಎಂದರೆ ಜೋರು ಗಾಳಿ. ಮದರಸಾದಲ್ಲಿ ಕಲಿತದ್ದು ಬೇರೆ. ಕುರ್‌ಆನಿನಲ್ಲಿ ನೂಹ್ (ಅ) ಅವರ ಕಥೆಯಲ್ಲಿ ಬರುವ ತೂಫಾನ್ ಗಾಳಿಯಲ್ಲ, ಪ್ರವಾಹ. ಎಷ್ಟು ಸಲ ಓದಿದ್ದೇವೆ ಆ ಶಬ್ದವನ್ನು! ಅರ್ಥ ಗೊತ್ತಿದ್ದೂ ನಾವು ಗಾಳಿಯ ನಕ್ಷೆ ಹಿಡಿದು ಕೂತಿದ್ದೆವು.

2025ರ ಸೆಪ್ಟೆಂಬರ್ ಕೊನೆಗೆ ಭೀಮೆ ಮತ್ತೆ ಬಂತು. ಮಹಾರಾಷ್ಟ್ರದ ಮಳೆ, ಸೀನಾ ಮತ್ತು ಉಜ್ಜನಿಯ ನೀರು. ಈ ಸಲ ಚೀಲಗಳು ಗೌಡರ ಮನೆಯ ಮೇಲಿಂದ ಇಳಿಯಲಿಲ್ಲ. ತೊಗರಿ ಮಾತ್ರ ಹೋಯಿತು, ಅದನ್ನು ಎತ್ತಿ ಎಲ್ಲಿ ಇಡಲು ಸಾಧ್ಯ? ಒಂದು ತಿಂಗಳು ಕಳೆಯುವಷ್ಟರಲ್ಲಿ ಅಕ್ಟೋಬರ್ 28ರ ರಾತ್ರಿ ಮೊಂಥಾ ಎಂಬ ಚಂಡಮಾರುತ ಆಂಧ್ರದ ದಡಕ್ಕೆ ಬಂದಾಗ ತಂಗಿಯ ನಕ್ಷೆ ಮತ್ತೆ ಬಂತು. ಇದಕ್ಕೆ ಹೆಸರಿತ್ತು. ಥಾಯ್ಲೆಂಡಿನವರು ಇಟ್ಟದ್ದು, ಸುವಾಸನೆಯ ಹೂವು ಎಂದರ್ಥವಂತೆ. ಗೆರೆ ನಮ್ಮ ಕಡೆಗಿರದೆ ಉತ್ತರಕ್ಕೆ ತಿರುಗಿತ್ತು. ಫೂಫುಗೆ ಫೋನು ಮಾಡಿ ಹಾಗೆಂದೆವು.

"ಅದಿರಲಿ" ಎಂದರು ಫೂಫು. "ಉಜ್ಜನಿಯಾಗ ಎಷ್ಟದ? ಎಷ್ಟು ಬಿಡ್ಲಿಕತ್ತಾರ? ಅದು ನೋಡಿ ಹೇಳು."

ನಾವು ಹುಡುಕಿ ಅಂಕಿ ಓದಿದೆವು. ಆ ಕಡೆಯಿಂದ ಮೊಮ್ಮಗ ಅದನ್ನು ಗಟ್ಟಿಯಾಗಿ ಹೇಳುತ್ತಾ ಗೋಡೆಯ ಮೇಲೆ ಇದ್ದಲಿನಿಂದ ಬರೆಯುತ್ತಿದ್ದ. ಒಂದು ಸೊನ್ನೆ ಬಿಟ್ಟಿರಬೇಕು, ಫೂಫು ಅವನನ್ನು ಗದರಿಸಿ ಮತ್ತೊಮ್ಮೆ ಓದಲು ನಮಗೆ ಹೇಳಿದರು.