ಎದೆಯೊಳಗಿನ ಎರಡು ಹೊಲಿಗೆ | ಭಾಗ 3

ಫೋಟೋದಲ್ಲಿರೋದು ಆಪರೇಷನ್ನಿಗೆ ಮುಂಚೆ ಡಾಕ್ಟರು ಔಷಧಿ ಚೀಟಿಯ ಹಿಂದೆ ಬರೆದುಕೊಟ್ಟ ಚಿತ್ರ. ಎಲೆ ಥರ ಕಾಣೋದು ಶ್ವಾಸಕೋಶ, ಆ ಎರಡು ಗೀಟು ಹೊಲಿಗೆ.

ಹಿಂದಿನ ಭಾಗ ಓದಿದೋರಿಗೆ ಗೊತ್ತು. ಚಿಕ್ಕಪ್ಪನಿಗೆ ಹಳೇ ಟಿಬಿ ಬಿಟ್ಟುಹೋದ ಗುಳಿಯಲ್ಲಿ ಫಂಗಸ್ ಉಂಡೆ ಕಟ್ಟಿ, ಕೆಮ್ಮಿದರೆ ರಕ್ತ ಬರ್ತಿತ್ತು. ಬಲ ಶ್ವಾಸಕೋಶದ ಮೇಲಿನ ಹಾಲೆಯನ್ನೇ ತೆಗೆಯಬೇಕಾಗಿತ್ತು.

“ಉಳಿದಿದ್ದು ತಿರುಚಿಕೊಳ್ಳಬಾರದು, ಅದಕ್ಕೇ ಈ ಹೊಲಿಗೆ” ಅಂದರು ಡಾಕ್ಟರು. ಚಿಕ್ಕಪ್ಪ ದೊಡ್ಡಬಳ್ಳಾಪುರದ ಮಗ್ಗದ ಮನುಷ್ಯ. “ನೂಲು ಹುರಿ ಬಿದ್ದಂಗಾ ಸಾರ್?” ಅಂದರು. ಹೌದು, ಹಾಗೇ.

ಬಲಗಡೆ ಮೂರು ಹಾಲೆ, ಎಡಗಡೆ ಎರಡು. ಒಂದೊಂದಕ್ಕೂ ಗಾಳಿಕೊಳವೆ, ರಕ್ತನಾಳ ಸೇರಿದ ತೊಟ್ಟು. ನಮ್ಮ ದೇವನಹಳ್ಳಿ ಚಕ್ಕೋತ ತೊಟ್ಟಲ್ಲಿ ತೂಗೋದನ್ನ ನೆನಪಿಸಿಕೊಳ್ಳಿ. ಮೇಲಿನ ಹಾಲೆ ಹೋದಮೇಲೆ ಮಧ್ಯದ ಚಿಕ್ಕದಕ್ಕೆ ಜಾಗ ಜಾಸ್ತಿ. ಅದು ಪಕ್ಕದ್ದಕ್ಕೆ ಅಂಟಿಕೊಂಡಿಲ್ಲದಿದ್ದರೆ ತೊಟ್ಟಿನ ಮೇಲೆ ಅರ್ಧ ಸುತ್ತು ತಿರುಗಿಬಿಡಬಹುದು. ಆಗ ಗಾಳಿ ಒಳಗೆ ಹೋಗಲ್ಲ, ರಕ್ತ ವಾಪಸ್ ಬರಲ್ಲ. ಊದಿಕೊಂಡು ಕಪ್ಪಾಗಿ ಕೊನೆಗೆ ಕೊಳೆಯುತ್ತೆ. ಬೇಗ ಗೊತ್ತಾದರೆ ಬಿಡಿಸಿ ಕೂರಿಸಬಹುದು, ತಡವಾದರೆ ಆ ಹಾಲೆಯನ್ನೂ ತೆಗೀಬೇಕು. ತುಂಬಾ ಅಪರೂಪ. ಆದ್ರೂ ಮಧ್ಯದ್ದನ್ನ ಕೆಳಗಿನದಕ್ಕೆ ಹೊಲಿದುಬಿಡ್ತಾರೆ.

ನಾಲ್ಕನೇ ರಾತ್ರಿ ಚಿಕ್ಕಪ್ಪನಿಗೆ ಜ್ವರ, ಏದುಸಿರು. ಎಕ್ಸರೇನಲ್ಲಿ ಬಲಗಡೆ ಬೆಳ್ಳಗೆ ಮುಚ್ಚಿಹೋಗಿತ್ತು. ಹೊಲಿಗೆ ಬಿಟ್ಟಿತಾ? ಚಿಕ್ಕಮ್ಮ ಕಾರಿಡಾರಿನಲ್ಲಿ ಘಾಟಿ ಸುಬ್ರಹ್ಮಣ್ಯನಿಗೆ ಹರಕೆ ಹೊತ್ತರು, ನಾನು ಸಿಟಿ ಸ್ಕ್ಯಾನ್ ಬಾಗಿಲು ನೋಡ್ತಾ ನಿಂತಿದ್ದೆ. ಆಮೇಲೆ ಬಾಯಿಂದ ಕ್ಯಾಮೆರಾ ಟ್ಯೂಬ್ ಇಳಿಸಿದರು. ತಿರುಚಿದ್ದರೆ ಗಾಳಿಕೊಳವೆಯ ದ್ವಾರ ಮೀನಿನ ಬಾಯಿ ಥರ ಚಪ್ಪಟೆ ಕಾಣುತ್ತಂತೆ. ಕಂಡಿದ್ದು ಗಟ್ಟಿ ಕಫ! ಅಲ್ಲೇ ಎಳೆದು ತೆಗೆದರು. ಬೆಳಿಗ್ಗೆ ಚಿಕ್ಕಪ್ಪ ಕಾಫಿ ಕೇಳಿದರು.

ಮಕ್ಕಳಿಗೂ ಆಗುತ್ತಾ? ಆಗುತ್ತೆ, ಇನ್ನೂ ಅಪರೂಪ. ಅವರ ಎದೆಗೂಡು ಮೆತ್ತಗೆ. ವಾಹನ ಗುದ್ದಿ ಎದೆ ಅದುಮಿದಾಗ ಒಳಗೆ ತಿರುಚಿಕೊಂಡಿದ್ದಿದೆ. ಹುಟ್ಟಿನಿಂದ ಬಂದ ತೊಂದರೆಗೆ ಎದೆ ಆಪರೇಷನ್ ಆದ ಕೂಸುಗಳಲ್ಲೂ ಕಂಡಿದೆ.

ನಿಮ್ಮನೇಲಿ ಯಾರಿಗಾದ್ರೂ ಶ್ವಾಸಕೋಶದ ಆಪರೇಷನ್ ಆಗಿದ್ದು, ಮೊದಲ ಎರಡು ವಾರದಲ್ಲಿ ಇದ್ದಕ್ಕಿದ್ದಂಗೆ ಉಸಿರು ಕಟ್ಟಿದರೆ, ಜ್ವರ ಏರಿದರೆ, ಕಫದಲ್ಲಿ ರಕ್ತ ಬಂದರೆ ಬೆಳಗಾಗಲಿ ಅಂತ ಕಾಯಬೇಡಿ. ಹೊರಡುವಾಗಲೇ ಆಪರೇಷನ್ ಮಾಡಿದೋರಿಗೆ ಫೋನ್ ಮಾಡಿ. ರಾಜಾನುಕುಂಟೆ, ಯಲಹಂಕ ದಾಟೋ ಹೊತ್ತಿಗೆ ಅಲ್ಲಿ ಸ್ಕ್ಯಾನ್ ರೆಡಿ ಇರಲಿ.

ಭಾಗ 4: ಚಿಕ್ಕಪ್ಪನಿಗೆ ಗದರಿಸಿ ಗದರಿಸಿ ಕೆಮ್ಮಿಸಿದ ಫಿಸಿಯೋಥೆರಪಿ ಅಕ್ಕ.